ಲಂಕೆಗೆ ಹೋದ ಎರಡು ಕ್ಯಾಮೆರಾ

ಬೈಲಹೊಂಗಲ

ಶ್ರೀಲಂಕಾಕ್ಕೆ ಹೊರಟಾಗ ನನ್ನ ಜೊತೆ ಎರಡು ಕ್ಯಾಮೆರಾ ಇದ್ದವು, ಪಕ್ಕದಲ್ಲಿ ಅವ್ವ ಇದ್ದಳು. ತಿರುಗಿ ಬಂದ ಮೇಲೆ ಹಳೆಯ ಕ್ಯಾಮೆರಾವನ್ನು ಬೇರೆಯವರಿಗೆ ಕೊಡುವುದು ಅಂತ ಮಾತಾಗಿತ್ತು. ಅವ್ವನದೊಂದು ಫೋಟೊ, ಕಣ್ಣು ತೆರೆದದ್ದು, ತರಬೇಕು ಅಂತಲೂ ಮಾತಾಗಿತ್ತು. ಎರಡೂ ಸುಲಭ ಅಂದುಕೊಂಡಿದ್ದೆ.

ಎರಡೂ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಗಳೇ. ಹಳೆಯದು, ನಾನು ಬಿ.ಕಾಂ. ಮುಗಿಸಿ ಬೈಲಹೊಂಗಲದ ಪೇಟೆಯಲ್ಲಿ ಸ್ಟುಡಿಯೊ ತೆರೆದಾಗ, ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದದ್ದು. ಹಿಡಿಕೆಯ ರಬ್ಬರು ಎದ್ದಿದೆ. ಬ್ಯಾಟರಿ ಅರ್ಧ ಮದುವೆಗೆ ಮುಗಿಯುತ್ತದೆ. ಬೆಳಕು ಕಡಿಮೆಯಾದರೆ ಫೋಕಸ್ಸು ಹಿಂದೆ ಮುಂದೆ ಓಡಾಡುತ್ತದೆ, ಸಂತೆಯಲ್ಲಿ ಕನ್ನಡಕ ಕಳೆದುಕೊಂಡವರ ಹಾಗೆ. ಒಂದು ಚಿತ್ರ ತೆಗೆದ ಕೂಡಲೇ ಕಣ್ಣಿಟ್ಟು ನೋಡುವ ಕಿಂಡಿ ಒಂದು ಗಳಿಗೆ ಕಪ್ಪಾಗುತ್ತದೆ. ಮತ್ತೆ ಬೆಳಕು ಬರುವಷ್ಟರಲ್ಲಿ ಮದುಮಗಳು ತಲೆ ತಿರುಗಿಸಿರುತ್ತಾಳೆ.

ಹೊಸದು ಹಾಗಲ್ಲ. ಮನುಷ್ಯರ ಮುಖ ಕಂಡರೆ ಸಾಕು, ಕಣ್ಣಿನ ಮೇಲೆ ಸಣ್ಣ ಹಸಿರು ಚೌಕವೊಂದು ಬಂದು ಕೂರುತ್ತದೆ. ಆಮೇಲೆ ಅವರು ನಡೆಯಲಿ, ಕುಣಿಯಲಿ, ಚೌಕ ಬಿಡುವುದಿಲ್ಲ. ಕೈ ನಡುಗಿದರೂ ಚಿತ್ರ ನಡುಗುವುದಿಲ್ಲ. ಕಿಂಡಿ ಕಪ್ಪಾಗುವುದಿಲ್ಲ. ಬೇಕಾದರೆ ಸಪ್ಪಳವೇ ಇಲ್ಲದೆ ಕೆಲಸ ಮಾಡುತ್ತದೆ. ಅದು ಕೈಗೆ ಬಂದ ವಾರ ನಾನು ಅಂಗಡಿ ಮುಂದಿನ ಬೆಕ್ಕು, ಚಹಾದ ಅಂಗಡಿಯವನ ಮೀಸೆ, ಗಾಡಿಯಲ್ಲಿ ಹೋಗುವ ಹತ್ತಿಯ ಅಂಡಿಗೆ ಎಲ್ಲವನ್ನೂ ತೆಗೆದೆ. ಊಟ ರುಚಿಸುತ್ತಿರಲಿಲ್ಲ, ಅಷ್ಟು ಖುಷಿ.

ಸಪ್ಪಳದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ಹಿರಿಯರನ್ನು ಸಾಲಾಗಿ ನಿಲ್ಲಿಸಿದರೆ ಎದೆ ಉಬ್ಬಿಸಿ ಉಸಿರು ಹಿಡಿದು ನಿಲ್ಲುತ್ತಾರೆ. ಟಪ್ ಅಂದ ಮೇಲೆಯೇ ಉಸಿರು ಬಿಡುವುದು. ಹೊಸ ಕ್ಯಾಮೆರಾದ ಮೊದಲ ಮದುವೆಯಲ್ಲಿ ನಾನು ಸಪ್ಪಳವಿಲ್ಲದೆ ನಾಲ್ಕಾರು ಚಿತ್ರ ತೆಗೆದು ಮುಂದೆ ಹೋಗಿಬಿಟ್ಟೆ. ತಿರುಗಿ ನೋಡಿದರೆ ಮದುಮಗನ ಅಜ್ಜ ಇನ್ನೂ ಹಾಗೇ ನಿಂತಿದ್ದ.

"ಆತ್ರಿ ಅಜ್ಜಾರ, ಕುಂದರ್ರಿ," ಅಂದೆ.

"ಎಲ್ಲಿ ಆತು? ನನಗೇನ ಕೇಳಿಸಲಿಲ್ಲ," ಅಂದ ಅಜ್ಜ, ಬಾಯಿ ಅಲ್ಲಾಡಿಸದೆ.

ಅವ್ವನ ತೊಂದರೆ ಇನ್ನೊಂದು ಬಗೆಯದು. ಟಪ್ ಅನ್ನುವುದಕ್ಕೆ ಒಂದು ಚೂರು ಮುಂಚೆ ಅವಳ ಕಣ್ಣು ಗಟ್ಟಿಯಾಗಿ ಮುಚ್ಚುತ್ತವೆ. ಸಪ್ಪಳ ಮುಗಿದ ಮೇಲೇ ತೆರೆಯುತ್ತವೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಕರಿ ಗೌನು ಹಾಕಿ, ಸರ್ಟಿಫಿಕೇಟು ಹಿಡಿದು ನಾನು ಹಲ್ಲು ಬಿಡುತ್ತಿರುವ ಆ ದಿನದ ಫೋಟೊದಲ್ಲೂ ಪಕ್ಕದಲ್ಲಿ ಅವ್ವ ಕಣ್ಣು ಮುಚ್ಚಿ ನಿಂತಿದ್ದಾಳೆ, ಮಗಳು ಇನ್ನು ಪಾಸಾಗಬೇಕು ಅಂತ ಬೇಡಿಕೊಳ್ಳುವವರ ಹಾಗೆ. ಸಪ್ಪಳವಿಲ್ಲದ ಕ್ಯಾಮೆರಾ ತಂದರೆ ಸರಿಹೋಗುತ್ತದೆ ಅಂದುಕೊಂಡೆ. ಅವ್ವ ಕಣ್ಣು ಮುಚ್ಚಿ, ಬಾರದ ಸಪ್ಪಳಕ್ಕೆ ಕಾಯುತ್ತ ಕೂತಳು. "ತೆರಿ ಅವ್ವಾ" ಅಂದರೆ ತೆರೆದಳು, ಆದರೆ ಗೂಬೆಯ ಹಾಗೆ. ಪಾಸ್‌ಪೋರ್ಟಿನಲ್ಲಿ ಇರುವುದು ಆ ಮುಖವೇ.

ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ರಾಮದುರ್ಗ ತಾಲೂಕಿನ ನಮ್ಮ ಊರ ಶಾಲೆಯಲ್ಲಿ ಅವ್ವ ಬಿಸಿಯೂಟದ ಅಡುಗೆಯವಳಾಗಿದ್ದಳು. ಅರವತ್ತು ತುಂಬಿ ಬಿಟ್ಟಳು. ಶಾಲೆಗೆ ಹೊಸ ಊಟದ ಕೋಣೆ ಆಗಿದೆ, ಅದರ ಗೋಡೆಗೆ ಯಲ್ಲವ್ವನ, ಅಂದರೆ ನಮ್ಮ ಅವ್ವನ, ಫೋಟೊ ಹಾಕಬೇಕು ಅಂತ ಊರಿನವರೇ ಸೇರಿ ಗೊತ್ತು ಮಾಡಿದ್ದರು. ನಾನು ಅದೇ ಶಾಲೆಯಲ್ಲಿ ಓದಿದವಳು. ಅವ್ವ ಅಲ್ಲಿ ಮೊದಲು ಒಲೆ ಹಚ್ಚಿದಾಗ, ನಮ್ಮ ಕೇರಿಯವಳು ಬೇಯಿಸಿದ್ದು ಬೇಡ ಅಂತ ಕೆಲವು ಮನೆಯ ಹುಡುಗರು ಬುತ್ತಿ ಕಟ್ಟಿಕೊಂಡು ಬಂದು ಹುಣಸೆ ಮರದ ಕೆಳಗೆ ಬೇರೆ ಕೂತು ಉಣ್ಣುತ್ತಿದ್ದರು. ವರ್ಷ ಕಳೆದಂತೆ ಒಬ್ಬೊಬ್ಬರಾಗಿ ಒಳಗೆ ಬಂದರು. ಅದು ಹೇಗೆ ಅಂತ ಯಾರಾದರೂ ಕೇಳಿದರೆ ಅವ್ವನದು ಒಂದೇ ಉತ್ತರ, "ಒಗ್ಗರಣಿ ವಾಸನಿಗೆ ಬಂದ್ರ ಬಿಡ್ರಿ."

ಹೆಡ್‌ಮಾಸ್ತರರು ಸ್ಟುಡಿಯೊಕ್ಕೇ ಬಂದರು. "ಸುಜಾತಾ, ಕಣ್ಣ ತೆರೆದದ್ದು ಕೊಡಬೇಕವಾ. ಮುಚ್ಚಿದ್ದು ಹಾಕಿದ್ರ ಮಂದಿ ಹಾರ ತರತಾರ."

ಪಾಸ್‌ಪೋರ್ಟಿನ ಫೋಟೊ ತೋರಿಸಿದೆ.

"ಇದನ್ನ ನೋಡಿದ್ರ ಹುಡುಗೂರು ಉಣ್ಣೂದಿಲ್ಲ," ಅಂದರು.

ಅವ್ವನಿಗೆ ಗೊತ್ತಾಗದ ಹಾಗೆ ದೂರದಿಂದ ತೆಗೆಯಬಹುದಿತ್ತು. ಅದಕ್ಕೆ ಅವಳು ಒಪ್ಪಲಿಲ್ಲ. "ಕದ್ದ ತಗದದ್ದು ಬ್ಯಾಡ. ಆ ಗ್ವಾಡಿಗೆ ಏರೂದು ನಾ ಕುಂತ ತಗಿಸಿಕೊಂಡದ್ದ ಆಗಬೇಕು," ಅಂದಳು. ಇಪ್ಪತ್ತು ವರ್ಷ ಆ ಶಾಲೆಯಲ್ಲಿ ನಿಂತು ಬೇಯಿಸಿದವಳು ಹಾಗೆ ಅಂದ ಮೇಲೆ ಆ ಯೋಚನೆ ಬಿಟ್ಟೆ.

ಅದೇ ಹೊತ್ತಿಗೆ ನಮ್ಮ ಕಡೆಯ ಬೌದ್ಧ ಕುಟುಂಬಗಳ ಒಂದು ಗುಂಪು ಶ್ರೀಲಂಕಾದ ಅನುರಾಧಪುರಕ್ಕೆ ಯಾತ್ರೆ ಹೊರಟಿತ್ತು. ನಾನೂ ಅವ್ವನೂ ಸೇರಿಕೊಂಡೆವು. ಊರು ಬಿಟ್ಟರೆ ಅವ್ವನ ಮುಖ ಸಡಿಲಾಗಬಹುದು ಅನ್ನುವುದು ನನ್ನ ಲೆಕ್ಕಾಚಾರ.

ಕೊಲಂಬೊ

ವಿಮಾನ ನಿಲ್ದಾಣದ ತಂಪಿನಿಂದ ಹೊರಗೆ ಬಂದು, ಪರದೇಶದ ಮೊದಲ ಚಿತ್ರ ಅಂತ ಉಮೇದಿನಿಂದ ಹೊಸ ಕ್ಯಾಮೆರಾ ಎತ್ತಿದೆ. ಎಲ್ಲ ಬಿಳಿ. ಮಂಜೋ, ಹೊಗೆಯೋ ಅಂತ ಗಾಬರಿಯಾಯಿತು. ಅಲ್ಲಿಯ ಗಾಳಿ ಕುದಿಯುವ ಹಂಡೆಯ ಮೇಲಿನ ಗಾಳಿ, ಅದು ತಾಗಿದ ಕೂಡಲೇ ತಣ್ಣಗಿದ್ದ ಲೆನ್ಸು ಬೆವರಿತ್ತು. ಒರೆಸಿದಷ್ಟೂ ಮತ್ತೆ ಬೆವರುತ್ತಿತ್ತು. ಹಳೆಯ ಕ್ಯಾಮೆರಾ ಅವ್ವನ ಕೈಚೀಲದಲ್ಲಿ ಖಡಕ್ ರೊಟ್ಟಿಯ ಗಂಟಿನ ಪಕ್ಕ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬೆಚ್ಚಗೆ ಮಲಗಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಗುಂಡಿಗಳ ಸಂದಿಯಲ್ಲಿ ಶೇಂಗಾ ಚಟ್ನಿಯ ಪುಡಿ ಸೇರಿತ್ತು, ಅಷ್ಟೇ. ಶ್ರೀಲಂಕಾದ ನನ್ನ ಮೊದಲ ಚಿತ್ರ ಹಳೆಯದರಲ್ಲೇ ಬಂತು.

"ನೋಡಿದೇನು, ಹಳೇ ಗಾಡಿ ಮಳ್ಯಾಗೂ ಚಾಲೂ ಆಗತೈತಿ," ಅಂದರು ಭೀಮಪ್ಪ ಕಾಕಾ.

ಕಾಕಾ ನಮ್ಮ ಗುಂಪಿನವರೇ, ಕಿತ್ತೂರಿನವರು, ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಹಳೆಯ ಕ್ಯಾಮೆರಾ ಹೋಗಬೇಕಾಗಿದ್ದದ್ದು ಅವರಿಗೇ. "ಓಡಿಸಿ ನೋಡದ ತಗೊಳ್ಳೂದಿಲ್ಲ" ಅಂದು, ಯಾತ್ರೆ ಮುಗಿಯುವವರೆಗೆ ಅದನ್ನು ತಮ್ಮ ಕೊರಳಿಗೆ ಹಾಕಿಕೊಂಡರು. ಅವರ ಬೆರಳು ಬಸ್ಸಿನ ಹಾರ್ನಿಗೆ ಪಳಗಿದ ಬೆರಳು. ಗುಂಡಿ ಒತ್ತಿದರೆ ಕ್ಯಾಮೆರಾ ಒಂದು ಇಂಚು ಕೆಳಗೆ ಇಳಿಯುತ್ತಿತ್ತು, ಎಲ್ಲ ಚಿತ್ರದಲ್ಲೂ ಮಂದಿಯ ತಲೆ ಕತ್ತರಿಸಿ ಕಾಲು ಚೆಂದ ಬರುತ್ತಿದ್ದವು. ಆ ಟಪ್ ಸಪ್ಪಳ ಮಾತ್ರ ಅವರಿಗೆ ಬಹಳ ಸೇರಿತು. ಸುಮ್ಮನೆ ಕೂತಾಗಲೂ ಒತ್ತುತ್ತಿದ್ದರು.

ನಮ್ಮ ವ್ಯಾನಿನ ಚಾಲಕ ನಿಹಾಲ್, ನಡುವಯಸ್ಸಿನ ನಗುಮುಖದವನು. ಅವನಿಗೆ ಸಿನೆಮಾ ನೋಡಿ ಕಲಿತ ಹಿಂದಿ ಬರುತ್ತಿತ್ತು. ಕಾಕಾನಿಗೆ ಬಸ್ ಸ್ಟ್ಯಾಂಡಿನ ಹಿಂದಿ. ಇಬ್ಬರೂ ಜಗಳವಿಲ್ಲದೆ ಮಾತಾಡಿದರು. ಅವ್ವ ಎಲ್ಲರ ಜೊತೆ ಕನ್ನಡದಲ್ಲೇ ಮಾತಾಡಿದಳು, ಅವರು ಸಿಂಹಳದಲ್ಲೇ ಉತ್ತರ ಕೊಟ್ಟರು. ಅಲ್ಲಿಯೂ ಅಮ್ಮ ಅಂದರೆ ಅಮ್ಮ, ಅಕ್ಕ ಅಂದರೆ ಅಕ್ಕ. ತಲೆ ಅಲ್ಲಾಡಿಸುವುದೂ ನಮ್ಮ ಹಾಗೆಯೇ, ಹೌದೋ ಅಲ್ಲವೋ ಹೊರಗಿನವರಿಗೆ ತಿಳಿಯದಂತೆ. "ಇವರಿಗೆ ನಮ್ಮ ಮಾತ ತಿಳೀತೈತಿ, ಮಾತಾಡಾಕ ನಾಚಿಕಿ," ಅಂತ ಅವ್ವ ತೀರ್ಪು ಕೊಟ್ಟಳು.

ಒಂದು ಸಂಗತಿ ಮಾತ್ರ ಕಾಕಾನನ್ನು ಕಂಗೆಡಿಸಿತು. ರಸ್ತೆಯ ಬಿಳಿ ಪಟ್ಟೆಯ ಮೇಲೆ ಒಬ್ಬ ಮುದುಕಿ ಕಾಲಿಟ್ಟಳು, ನಿಹಾಲ್ ವ್ಯಾನು ನಿಲ್ಲಿಸಿದ, ಹಿಂದಿನ ಬಸ್ಸೂ ನಿಂತಿತು. ಯಾರೂ ಹಾರ್ನು ಹಾಕಲಿಲ್ಲ. "ಯಾಕ ನಿಂತ? ಟಾಯರ್ ಪಂಚರ್ ಆತೇನು?" ಅಂತ ಕಾಕಾ ಕಿಟಕಿಯಿಂದ ಕತ್ತು ಹಾಕಿ ನೋಡಿದರು. ಮುದುಕಿ ದಾಟಿದ ಮೇಲೆ ವ್ಯಾನು ಹೊರಟಿತು. ಕಾಕಾ ತಿರುಗಿ ತಿರುಗಿ ಆ ಬಿಳಿ ಪಟ್ಟೆಯನ್ನೇ ನೋಡಿದರು.

ದಂಬುಳ್ಳ

ಬೆಟ್ಟದ ಬಂಡೆಯ ಹೊಟ್ಟೆಯಲ್ಲಿ ಗವಿ, ಗವಿಯ ತುಂಬ ಬುದ್ಧ. ನಿಂತ ಬುದ್ಧ, ಕೂತ ಬುದ್ಧ, ಮಲಗಿದ ಬುದ್ಧ. ಛಾವಣಿಯ ಕಲ್ಲಿಗೆ ಬಟ್ಟೆ ಹೊದಿಸಿದಂತೆ ಬಣ್ಣದ ಚಿತ್ರಗಳು. ಒಳಗೆ ಬೆಳಕು ಬಹಳ ಕಡಿಮೆ, ಫ್ಲ್ಯಾಷ್ ಹಾಕುವ ಹಾಗಿಲ್ಲ. ಹಳೆಯ ಕ್ಯಾಮೆರಾ ಕಾಕಾನ ಕೈಯಲ್ಲಿ ಗುರ್ ಗುರ್ ಅಂತ ಫೋಕಸ್ಸು ಹುಡುಕಿ ಸೋತಿತು. ಹೊಸದು ಕತ್ತಲೆಯಲ್ಲೂ ಬುದ್ಧನ ಕಣ್ಣಿನ ಮೇಲೆ ಹಸಿರು ಚೌಕ ಇಟ್ಟುಬಿಟ್ಟಿತು. ಕಲ್ಲಿನ ಮುಖ, ಅದರ ಅರೆ ಮುಚ್ಚಿದ ಕಣ್ಣು, ಅದನ್ನು ಈ ಯಂತ್ರ ಜೀವಂತ ಅಂದುಕೊಂಡಿದೆ. ಮಲಗಿದ ಬುದ್ಧನಿಂದ ಕೂತ ಬುದ್ಧನಿಗೆ, ಅಲ್ಲಿಂದ ನಿಂತ ಬುದ್ಧನಿಗೆ ಚೌಕ ಓಡಾಡಿತು. ನಾನೂ ಅದರ ಹಿಂದೆ ಓಡಾಡಿದೆ.

ಇದಕ್ಕಿಂತ ಒಳ್ಳೆಯ ಜಾಗ ಸಿಗದು ಅನ್ನಿಸಿ ಅವ್ವನನ್ನು ಕರೆದೆ. ನಮ್ಮ ಕಡೆ ಗುಡಿಗೆ ಹೋದರೆ ಫೋಟೊಕ್ಕೆ ಹೇಗೆ ನಿಲ್ಲುತ್ತಾರೆ? ದೇವರಿಗೆ ಬೆನ್ನು ಮಾಡಿ, ದೇವರ ಮುಖ ಹೆಗಲ ಮೇಲೆ ಬರುವಂತೆ. ನಾನು ನೂರಾರು ಮದುಮಕ್ಕಳನ್ನು ಹಾಗೆ ನಿಲ್ಲಿಸಿದ್ದೇನೆ. ಅವ್ವನನ್ನೂ ಹಾಗೆಯೇ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದೆ.

ಕಾವಲಿನವನು ಚಪ್ಪಾಳೆ ತಟ್ಟಿಕೊಂಡು ಓಡಿ ಬಂದ. ಅವನ ಸಿಂಹಳ ನನಗೆ ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ಸುತ್ತ ಬಿಳಿ ಬಟ್ಟೆಯಲ್ಲಿದ್ದ ಭಕ್ತರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಿಹಾಲ್ ಬಂದು ಬಿಡಿಸಿ ಹೇಳಿದ: ಇಲ್ಲಿ ಬುದ್ಧನಿಗೆ ಬೆನ್ನು ತೋರಿಸಿ ಫೋಟೊ ತೆಗೆಸಿಕೊಳ್ಳುವುದು ದೊಡ್ಡ ಅವಮಾನ.

ಅವ್ವ ತಕ್ಷಣ ತಿರುಗಿ ಬುದ್ಧನಿಗೆ ಕೈ ಮುಗಿದಳು, ಆಮೇಲೆ ಕಾವಲಿನವನಿಗೂ ಮುಗಿದಳು. "ತಪ್ಪಾತೋ ಯಪ್ಪಾ. ನಮ್ಮ ಕಡೆ ದೇವರು ಬೆನ್ನ ಹಿಂದ ಇರಬೇಕು ಅಂತಾರ," ಅಂದಳು. ಅವನಿಗೆ ಏನು ತಿಳಿಯಿತೋ, ನಕ್ಕ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅವಳು ನನಗೆ ಹೇಳಿದಳು, "ಅವ ಹೇಳಿದ್ದೂ ಖರೇನ ಐತಿ ನೋಡು. ಮನಿಗೆ ಹೋಗಿ ಮನಿಯವರಿಗೆ ಬೆನ್ನ ಮಾಡಿ ನಿಂತಂಗ ಅಲ್ಲೇನು?"

ಬೈಲಹೊಂಗಲದಲ್ಲಿ ಇನ್ನು ಮುಂದೆ ಮದುಮಕ್ಕಳನ್ನು ಹೇಗೆ ನಿಲ್ಲಿಸಲಿ ಅನ್ನುವ ಚಿಂತೆ ನನಗೆ ಅಲ್ಲಿಂದ ಹತ್ತಿಕೊಂಡಿತು.

ಸಿಗಿರಿಯ

ಬಯಲಿನ ನಡುವೆ ಒಂದೇ ಬಂಡೆ, ಆಕಾಶಕ್ಕೆ ಎದ್ದು ನಿಂತದ್ದು. ಅದರ ನೆತ್ತಿಯ ಮೇಲೆ ಒಬ್ಬ ರಾಜ ಅರಮನೆ ಕಟ್ಟಿಸಿದ್ದನಂತೆ. ನಾನು ಹತ್ತಿದೆ. ಏರುವಾಗ ಗಾಳಿ ಎಷ್ಟಿತ್ತೆಂದರೆ ಕ್ಯಾಮೆರಾದ ಪಟ್ಟಿ ಕೆನ್ನೆಗೆ ಹೊಡೆಯುತ್ತಿತ್ತು. ಮೇಲೆ ನಿಂತು ನೋಡಿದರೆ ಕಾಡು, ಕೆರೆ, ಮತ್ತೆ ಕಾಡು. ರಾಮದುರ್ಗ ತಾಲೂಕಿನ ಮೂಲೆಯ ಹುಡುಗಿ ಇಲ್ಲಿ ನಿಂತಿದ್ದಾಳೆ ಅಂತ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಹೊಸ ಕ್ಯಾಮೆರಾದಿಂದ ಬೆರಳು ನೋಯುವವರೆಗೆ ತೆಗೆದೆ.

ಅವ್ವ ಹತ್ತಲಿಲ್ಲ. ಕೆಳಗೆ ಮರದ ನೆರಳಲ್ಲಿ ಕೂತು ಕೊಬ್ಬರಿ ರೊಟ್ಟಿ ತಿನ್ನುತ್ತಿದ್ದಳು.

"ತೊರಗಲ್ಲಿನ ಕ್ವಾಟಿ ಮನಿ ಮಗ್ಗಲಕ ಐತಿ, ಅದನ್ನ ಹತ್ತಿಲ್ಲ ನಾ," ಅಂದಳು, ನಮ್ಮೂರ ಪಕ್ಕದ ಹಳೆಯ ಕೋಟೆ ನೆನೆದು. "ಇದನ್ನ ಹತ್ತಿದ್ರ ಅದು ಬ್ಯಾಸರ ಮಾಡಿಕೋತೈತಿ."

ನಾನು ಇಳಿದು ಬಂದವಳೇ ಅವಳನ್ನು ಕೂರಿಸಿ ಪ್ರಯತ್ನ ಮಾಡಿದೆ. ಸಪ್ಪಳವಿಲ್ಲದೆ ತೆಗೆದರೆ ಕಣ್ಣು ಮುಚ್ಚಿ ಕಾದಳು. ಹೊಸದರಲ್ಲೂ ಸಪ್ಪಳ ಹಾಕಿಕೊಳ್ಳಬಹುದು, ಹಾಕಿದೆ. ಅದು ಬಾಗಿಲು ಮೆಲ್ಲಗೆ ಎಳೆದಂಥ ಮೆತ್ತನೆಯ ಸಪ್ಪಳ. ಅವ್ವ ಅದನ್ನು ಸಪ್ಪಳವೆಂದು ಒಪ್ಪಲಿಲ್ಲ, ಕಣ್ಣು ಮುಚ್ಚಿಯೇ ಇದ್ದಳು. ಕಣ್ಣು ಕಾಣದೆ ಹಸಿರು ಚೌಕ ಅಲೆದಾಡಿ, ಹಿಂದೆ ಬಂದು ನಿಂತ ಕಾಕಾನ ಕಣ್ಣಿಗೆ ಅಂಟಿಕೊಂಡಿತು. ಆ ದಿನದ ಅವ್ವನ ಚಿತ್ರಗಳಲ್ಲೆಲ್ಲ ಅವ್ವ ಮಸುಕು, ಕಾಕಾ ಸ್ಪಷ್ಟ.

"ನನ್ನ ಹಾಕಸು ಸಾಲ್ಯಾಗ," ಅಂದರು ಕಾಕಾ. "ಕಣ್ಣಂತೂ ತೆರೆದಾವ."

"ನಿನ್ನ ಹಾಕಿದ್ರ ಹುಡುಗೂರು ಟಿಕೀಟ್ ಕೇಳ್ತಾವ ಬಿಡೋ ಅಣ್ಣಾ," ಅಂದಳು ಅವ್ವ.

ನಗು ನಗುತ್ತಲೇ ವ್ಯಾನು ಹತ್ತಿದೆವು. ಒಳಗೊಳಗೆ ನನಗೆ ಭಯ ಶುರುವಾಗಿತ್ತು. ಉಳಿದಿದ್ದ ಊರು ಒಂದೇ.

ಅನುರಾಧಪುರ

ನಾವು ಇಳಿದದ್ದು ಯಾತ್ರಿಕರ ವಿಶ್ರಾಮ ಶಾಲೆಯಲ್ಲಿ. ಉದ್ದನೆಯ ಹಂಚಿನ ಕಟ್ಟಡ, ಹಿಂದೆ ದೊಡ್ಡ ಅಡುಗೆಮನೆ. ಸಾಮಾನು ಇಟ್ಟವರೇ ಬಿಳಿ ಬಟ್ಟೆ ತೊಟ್ಟು ಬೋಧಿವೃಕ್ಷಕ್ಕೆ ನಡೆದೆವು. ಅಷ್ಟು ಮಂದಿ ಸೇರಿದ ಜಾಗ ಅಷ್ಟು ಮೆತ್ತಗಿರುವುದನ್ನು ನಾನು ನೋಡಿರಲಿಲ್ಲ. ಕೈಯಲ್ಲಿ ಕಮಲದ ಮೊಗ್ಗು ಹಿಡಿದು ಬರುತ್ತಾರೆ, ದಳ ಬಿಡಿಸಿ ಇಡುತ್ತಾರೆ, ಮರಳಿನ ಮೇಲೆ ಕೂರುತ್ತಾರೆ. ಮರದ ಮುದಿ ಟೊಂಗೆಗಳಿಗೆ ಬಂಗಾರ ಬಣ್ಣದ ಊರುಗೋಲು ಕೊಟ್ಟಿದ್ದಾರೆ. ಇದು ಅಶೋಕನ ಮಗಳು ನಮ್ಮ ನೆಲದಿಂದ ಹಡಗಿನಲ್ಲಿ ತಂದ ಟೊಂಗೆಯ ಮರ ಅಂತ ನಾನು ಪಿಸುಗುಟ್ಟಿದೆ.

"ಮಗಳ ಕೈಯಾಗ ಕೊಟ್ಟ ಕಳಿಸಿದ್ನ?" ಅಂದಳು ಅವ್ವ. "ಶಾಣ್ಯಾ ಅದಾನ."

ಒಂದು ಎಲೆ ಅವಳ ಮಡಿಲಿಗೆ ಬಿತ್ತು. ಸುತ್ತ ಕೂತ ಹೆಂಗಸರೆಲ್ಲ ಆಸೆಯಿಂದ ನೋಡಿದರು. ಅವ್ವ ಅದನ್ನು ಕಣ್ಣಿಗೊತ್ತಿ, ಪಕ್ಕದಲ್ಲಿ ಅಳುತ್ತಿದ್ದ ಹೆಂಗಸಿನ ಕೈಗೆ ಕೊಟ್ಟುಬಿಟ್ಟಳು. ಆ ಹೊತ್ತಿಗೆ ಕ್ಯಾಮೆರಾ ಎತ್ತಲು ನನಗೆ ಮನಸ್ಸಾಗಲಿಲ್ಲ.

ಸಂಜೆ ವಿಶ್ರಾಮ ಶಾಲೆಗೆ ಬಂದಾಗ ಅವ್ವ ಕಾಣಲಿಲ್ಲ. ಹುಡುಕಿದರೆ ಅಡುಗೆಮನೆಯಲ್ಲಿದ್ದಳು. ಅಲ್ಲಿಯ ಮುಖ್ಯ ಅಡುಗೆಯವಳು ಸೋಮಾ, ಅವ್ವನ ವಯಸ್ಸಿನವಳು. ಇಬ್ಬರೂ ಒಂದು ದೊಡ್ಡ ಬೋಗುಣಿ ಬೇಳೆಯ ಮುಂದೆ ನಿಂತು, ಇವಳು ಕನ್ನಡ, ಅವಳು ಸಿಂಹಳ, ಜೋರಾಗಿ ಚರ್ಚೆ ನಡೆಸಿದ್ದರು. ಅವ್ವ ಕೊಬ್ಬರಿ ಎಣ್ಣೆ ಮೂಸಿ ಮೂಗು ಮುರಿದಳು. ಸೋಮಾ ಅವ್ವನ ಬಳಿಯಿದ್ದ ಶೇಂಗಾ ಚಟ್ನಿ ನಾಲಿಗೆಗೆ ಇಟ್ಟುಕೊಂಡು ಹುಬ್ಬೇರಿಸಿದಳು. ಕೊನೆಗೆ ಸೋಮಾ ಸೌಟನ್ನು ಅವ್ವನ ಕೈಗೆ ಕೊಟ್ಟು, ಒಗ್ಗರಣೆ ನೀನೇ ಹಾಕು ಅಂತ ಕೈಸನ್ನೆ ಮಾಡಿದಳು.

ಬೇರೆ ದೇಶದ ಅಡುಗೆಮನೆಯಲ್ಲಿ ಯಾರೂ ಯಾವ ಕೇರಿ ಅಂತ ಕೇಳದೆ ಅವ್ವನ ಕೈಗೆ ಸೌಟು ಕೊಟ್ಟಿದ್ದರು. ಅವಳು ಸೆರಗು ಬಿಗಿದದ್ದನ್ನು ನೋಡಬೇಕಿತ್ತು.

"ಅವ್ವಾ, ಫೋಟೊ ತಗೀಲೇನ?" ಅಂದೆ.

"ತಗಿ. ಅಡ್ಡ ಬರಬ್ಯಾಡ," ಅಂದಳು.

ನಾನು ಹೊಸ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟೆ. ಹಸಿರು ಚೌಕ ಅವ್ವನ ಕಣ್ಣಿನ ಮೇಲೆ ಕೂತಿತು. ಅವ್ವ ಕಾದ ಎಣ್ಣೆಗೆ ಹಿಡಿ ಸಾಸಿವೆ ಹಾಕಿದಳು. ಹಾಕಿದ ಕೂಡಲೇ ಚೌಕ ಮಾಯ. ಸಾಸಿವೆ ಚಟಪಟ ಸಿಡಿಯಿತು. ಸಪ್ಪಳ ಇಳಿಯಿತು. ಚೌಕ ಮತ್ತೆ ಬಂತು. ಅವ್ವ ಕಣ್ಣು ತೆರೆದು, ತಲೆ ಸ್ವಲ್ಪ ಬಾಗಿಸಿ, ಸೀದು ಹೋಯಿತೇನೋ ಅಂತ ಎಣ್ಣೆಯೊಳಗೆ ನೋಡುತ್ತಿದ್ದಳು. ಸೀದಿರಲಿಲ್ಲ. ತುಟಿಯ ಮೂಲೆಯಲ್ಲಿ ಗೆದ್ದ ನಗು. ಚಿಕ್ಕಂದಿನಿಂದ ನನಗೆ ಗೊತ್ತಿದ್ದ ಮುಖ, ಯಾವ ಫೋಟೊದಲ್ಲೂ ಇಲ್ಲದ ಮುಖ.

ಅವ್ವ ಕ್ಯಾಮೆರಾಕ್ಕೆ ಹೆದರಿ ಕಣ್ಣು ಮುಚ್ಚುತ್ತಿದ್ದಳು ಅಂತ ಇಷ್ಟು ವರ್ಷ ತಿಳಿದಿದ್ದೆ. ಅವಳ ಕಣ್ಣಿಗೆ ಟಪ್ ಅಂದರೆ ಸಾಸಿವೆ. ಮುಚ್ಚುವುದು ಸಿಡಿತದಿಂದ ತಪ್ಪಿಸಿಕೊಳ್ಳಲು, ತೆರೆಯುವುದು ಸಿಡಿತ ಮುಗಿದ ಮೇಲೆ. ತೆರೆದ ಆ ಗಳಿಗೆಯಲ್ಲೇ ನನ್ನ ಹಳೆಯ ಕ್ಯಾಮೆರಾದ ಕಿಂಡಿ ಕಪ್ಪಾಗಿರುತ್ತಿತ್ತು. ಹಾಗಾಗಿ ಕಿಂಡಿಯೊಳಗೆ ನಾನು ಆ ಮುಖ ನೋಡಿಯೇ ಇರಲಿಲ್ಲ.

ತೆಗೆದ ಚಿತ್ರ ತೆರೆದು ನೋಡಿದೆ. ಅವ್ವನ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ, ಜಮಖಾನೆಯ ಹಾಗೆ. ಕೆಲವು ಎಲ್‌ಇಡಿ ದೀಪಗಳ ಕೆಳಗೆ ಸಪ್ಪಳವಿಲ್ಲದೆ ತೆಗೆದರೆ ಹೀಗಾಗುತ್ತದೆ. ನನಗೆ ಗೊತ್ತಿತ್ತು, ಸಂಭ್ರಮದಲ್ಲಿ ಮರೆತಿದ್ದೆ. ಅಷ್ಟೂ ಚಿತ್ರ ಹಾಳು.

"ಮತ್ತೊಮ್ಮೆ ಒಗ್ಗರಣಿ ಹಾಕಲೇನ?" ಅಂದಳು ಅವ್ವ.

"ಬ್ಯಾಡ, ನಿನಗ ಕುಂತ ತಗಿಸಿಕೊಂಡದ್ದ ಬೇಕಲ್ಲ. ಅವ್ವಾ, ಸಾಸಿವಿ ಹಾಕಿದಾಗ ಕಣ್ಣ ಯಾಕ ಮುಚ್ಚತಿ?"

"ಮತ್ತೇನ ತೆರಕೊಂಡ ನಿಂದರಲಿ? ಸಾಲಿ ಒಗ್ಗರಣಿ ಅಂದ್ರ ಮನಿಯದಲ್ಲ. ಒಮ್ಮೆ ಸಿಡಿದ ಹುಬ್ಬ ಸುಟ್ಟಿತ್ತು. ಆವಾಗಿಂದ ರೂಢಿ."

ನಾನು ಫೋಟೊದ ಸಂಗತಿ ಹೇಳಿದೆ. ಅವ್ವ ಸೌಟು ಹಿಡಿದುಕೊಂಡೇ ಯೋಚಿಸಿದಳು. ಆಮೇಲೆ ನಗಲು ಶುರು ಮಾಡಿದಳು. ಯಾಕೆ ಅಂತ ತಿಳಿಯದಿದ್ದರೂ ಸೋಮಾ ಜೊತೆಗೆ ನಕ್ಕಳು.

ಮರುದಿನ ಬೆಳಿಗ್ಗೆ

ಸ್ವಲ್ಪ ಹೊತ್ತಿನಲ್ಲೇ ಹೊರಡಬೇಕಿತ್ತು. ವಿಶ್ರಾಮ ಶಾಲೆಯ ಅಂಗಳದಲ್ಲಿ ಮಾವಿನ ಮರ, ಒಳ್ಳೆಯ ನೆರಳು, ಪಟ್ಟೆ ಬೀಳಿಸುವ ದೀಪ ಯಾವುದೂ ಇಲ್ಲ. ಸೋಮಾ ಒಂದು ಕುರ್ಚಿ ತಂದಿಟ್ಟಳು. ಅವ್ವ ಬಿಳಿ ಸೀರೆಯಲ್ಲಿ, ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಬಂದು ಕೂತಳು. ಬುದ್ಧನ ಮೂರ್ತಿ ಎಲ್ಲಿದೆ, ಬೆನ್ನು ಆ ಕಡೆ ಆಗುತ್ತದೇನು ಅಂತ ಅವಳೇ ನೋಡಿ ಕುರ್ಚಿ ತಿರುಗಿಸಿಕೊಂಡಳು.

ಕಾಕಾನನ್ನು ಅವಳ ಎದುರು, ಕೆಳಗಿನ ಕಟ್ಟೆಯ ಮೇಲೆ ಹಳೆಯ ಕ್ಯಾಮೆರಾ ಕೊಟ್ಟು ಕೂರಿಸಿದೆ. ಅವರ ಹೆಗಲ ಹಿಂದೆ ನಾನು, ಕೈಯಲ್ಲಿ ಹೊಸದು.

"ಕಾಕಾ, ನೀವು ಟಪ್ ಅನಸ್ರಿ. ಅಷ್ಟ ನಿಮ್ಮ ಕೆಲಸ."

"ಚಿತ್ರ ತಗೀಬೇಕೋ, ಬರೇ ಹಾರ್ನ್ ಹಾಕಬೇಕೋ?"

"ಬರೇ ಹಾರ್ನ್."

"ಅದು ನನಗ ಬಿಡು," ಅಂತ ಕಾಕಾ ಅಂಗಿಯ ತೋಳು ಮಡಚಿದರು.

ಅವ್ವನಿಗೂ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ಮುಚ್ಚಿದಳು. ರೂಢಿಗೆ ಹೇಳಿದರೆ ಕೇಳುತ್ತದೆಯೇ? ಕಾಕಾ ಒತ್ತಿದರು. ಸಪ್ಪಳ ಬರಲಿಲ್ಲ. ಮತ್ತೆ ಒತ್ತಿದರು. ವ್ಯಾನಿನಲ್ಲಿ ದಾರಿಯುದ್ದಕ್ಕೂ ಸುಮ್ಮನೆ ಒತ್ತಿ ಒತ್ತಿ ಬ್ಯಾಟರಿ ಮುಗಿಸಿದ್ದರು.

ಅವ್ವ ಕಣ್ಣು ಮುಚ್ಚಿಯೇ ಕೇಳಿದಳು, "ಎಣ್ಣಿ ಕಾದಿಲ್ಲೇನು ಇನ್ನ?"

ಕಾಕಾ ಬಾಯಿಂದಲೇ "ಟಪ್" ಅಂದು ನೋಡಿದರು. ಅವ್ವನ ಕಣ್ಣು ಮೋಸ ಹೋಗಲಿಲ್ಲ. ನಾನು ಒಳಗೆ ಓಡಿ, ಎರಡನೆಯ ಬ್ಯಾಟರಿ ತಂದು ಹಾಕಿದೆ. ಗೇಟಿನ ಹೊರಗೆ ನಿಹಾಲ್ ವ್ಯಾನು ಚಾಲೂ ಮಾಡಿದ್ದ.

ಟಪ್.

ನನ್ನ ಕಿಂಡಿಯಲ್ಲಿ ಚೌಕ ಇರಲಿಲ್ಲ. ಆಮೇಲೆ ಬಂತು. ಅವ್ವ ಕಣ್ಣು ತೆರೆದು, ಸಪ್ಪಳ ಬಂದ ಕಡೆ, ಕೆಳಗೆ, ಕಾಕಾನ ಕೈಯಲ್ಲಿದ್ದ ಆ ಹಳೆಯ ಡಬ್ಬಿಯೊಳಗೆ ಏನಾಯಿತು ಅಂತ ನೋಡುತ್ತಿದ್ದಳು. ಸೀದಿಲ್ಲ ತಾನೆ ಅನ್ನುವ ನೋಟ, ತುಟಿಯ ಮೂಲೆಯ ನಗು. ಹೊಸ ಕ್ಯಾಮೆರಾ ಸದ್ದಿಲ್ಲದೆ ತೆಗೆಯುತ್ತಲೇ ಇತ್ತು.

"ಆತೇನು?" ಅಂದಳು ಅವ್ವ.

"ಆತು."

"ನಿಂದು ನನಗೇನ ಕೇಳಿಸಲಿಲ್ಲ."

ಸವದತ್ತಿ, ರಾಮದುರ್ಗ

ಊರಿಗೆ ಬರುವಾಗ ಸವದತ್ತಿಯಲ್ಲಿ ಚಹಾಕ್ಕೆ ನಿಂತೆವು. ನಮ್ಮ ಬಿಸಿಲು ಎಷ್ಟು ಒಣ ಅನ್ನುವುದು ಅಲ್ಲಿ ತಿಳಿಯಿತು, ಲೆನ್ಸು ಬೆವರಲಿಲ್ಲ. ಕಾಕಾ ಕೊರಳಿಂದ ಹಳೆಯ ಕ್ಯಾಮೆರಾ ತೆಗೆದು ನನ್ನ ಮುಂದೆ ಇಟ್ಟರು.

"ಇದನ್ನ ನೀ ಇಟಗೋ. ನಾ ಒಯ್ದ್ರ ಯಲ್ಲಕ್ಕನ ಫೋಟೊ ಮತ್ತ ಹ್ಯಾಂಗ ತಗೀತಿ?"

"ನಿಮ್ಮನ್ನ ಕರೀತೇನ್ರಿ."

"ಹಂಗಾದ್ರ ಒಯ್ಯತೇನಿ," ಅಂದವರೇ ತಿರುಗಿ ಕೊರಳಿಗೆ ಹಾಕಿಕೊಂಡರು. ಈಗ ಅದು ಕಿತ್ತೂರಿನಲ್ಲಿದೆ. ಅವ್ವನ ಫೋಟೊ ತೆಗೆಯುವುದಿದ್ದರೆ ಕಾಕಾ ಬಸ್ಸು ಹತ್ತಿ ಬರುತ್ತಾರೆ. ಹೊಸದು ಎಷ್ಟೇ ಮುಂದೆ ಹೋಗಿದ್ದರೂ ಅದೊಂದು ಕೆಲಸ ಅದರಿಂದ ಆಗುವುದಿಲ್ಲ.

ಊಟದ ಕೋಣೆ ತೆರೆದ ದಿನ ಫೋಟೊ ಗೋಡೆಯ ಮೇಲಿತ್ತು. ಒಂದು ಕಾಲಕ್ಕೆ ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದವರ ಮಕ್ಕಳು, ನಮ್ಮ ಕೇರಿಯ ಮಕ್ಕಳು, ಎಲ್ಲ ಒಂದೇ ಸಾಲಿನಲ್ಲಿ ತಾಟು ಹಿಡಿದು ಕೂತಿದ್ದವು. ಅವ್ವ ಬಾಗಿಲಲ್ಲಿ ನಿಂತು ಬಹಳ ಹೊತ್ತು ತನ್ನ ಮುಖವನ್ನು ನೋಡಿದಳು. ಹೆಡ್‌ಮಾಸ್ತರರು ಪಕ್ಕದಲ್ಲಿ ಬಂದು ನಿಂತರು.

"ಹ್ಯಾಂಗ ಐತಿ ಯಲ್ಲವ್ವ?"

"ಛಲೋ ಐತ್ರಿ," ಅಂದಳು ಅವ್ವ. "ಇನ್ನೊಂದೀಟ ಕೆಳಗ ಕಟ್ರಿ. ಅಷ್ಟ ಮ್ಯಾಲಿಂದ ಹುಡುಗೂರ ತಾಟು ಕಾಣಂಗಿಲ್ಲ."